ಒಂದಾಳಿನ ನಾಟಿ

ದೇವಿರಮ್ಮ ಜುಲೈ ತಿಂಗಳ ಕೊನೆಯ ದಿನ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕೆಲಸದಿಂದ ನಿವೃತ್ತಳಾದಳು. ದಿನಗೂಲಿಯಾಗಿ ಸೇರಿ, ಆಮೇಲೆ ಕಾಯಂ ಆಗಿ, ಮೂವತ್ತಮೂರು ವರ್ಷ ಅಲ್ಲಿನ ತರಕಾರಿ ಮಡಿಗಳಲ್ಲಿ ಬೀಜ ಹಾಕಿ, ಪೈರು ಎಬ್ಬಿಸಿ, ನಾಟಿ ಮಾಡಿದ್ದಳು. ಕೊನೆಯ ದಿನ ಶಾಲು ಹೊದಿಸಿದರು, ಮೈಸೂರು ಪಾಕು ಹಂಚಿದರು. ಮೇಲಧಿಕಾರಿ ಪ್ರಿಯಂವದಾ ಮೇಡಂ ನಾಲ್ಕು ಬೀಜದ ಪೊಟ್ಟಣ ಕೈಗಿಟ್ಟು, "ಇನ್ನು ನಿಮ್ಮ ಹೊಲದಲ್ಲಿ ಬೆಳೀರಿ ದೇವಿರಮ್ಮ, ನಾವೇ ಬಂದು ನೋಡ್ತೀವಿ" ಎಂದರು.

ಹೊಲ ಅಂದರೆ ತವರೂರು ಹೊಳಲಿನಲ್ಲಿದ್ದ ಹದಿನೈದು ಗುಂಟೆ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಾಗ ಮಕ್ಕಳಿಲ್ಲದೆ ತವರಿಗೆ ಬಂದವಳ ಹೆಸರಿಗೆ ಅಪ್ಪ ಅದನ್ನು ಬರೆದಿದ್ದ. ಅಪ್ಪ, ಅವ್ವ ಇಬ್ಬರೂ ಹೋಗಿ ಬಹಳ ವರ್ಷವಾಗಿತ್ತು. ಇಷ್ಟು ದಿನ ಪಕ್ಕದ ಗದ್ದೆಯ ನಾಗಯ್ಯ ಅದರಲ್ಲಿ ಭತ್ತ ಬೆಳೆದು, ಅವಳ ಪಾಲಿನ ಮೂಟೆಯನ್ನು ಮನೆ ಬಾಗಿಲಿಗೆ ತಂದು ಹಾಕುತ್ತಿದ್ದ. ಈ ಸಲ ತಾನೇ ತರಕಾರಿ ಇಡುವುದಾಗಿ ಅವಳು ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದಳು. ನಾಗಯ್ಯ ತಲೆ ಕೆರೆದುಕೊಂಡು, "ನಿನ್ ಭೂಮಿ, ನಿನ್ನಿಷ್ಟ ಕನಕ್ಕ" ಎಂದಿದ್ದ.

ಫಾರಮ್ಮಿನಲ್ಲಿ ಯಾವ ಬೀಜ, ಯಾವ ದಿನ, ಎಷ್ಟು ಅಂತರ ಎಂಬುದೆಲ್ಲ ಮೇಲಿನವರು ಬರೆದ ಹಾಳೆಯಲ್ಲಿ ಇರುತ್ತಿತ್ತು. ಈಗ ಆ ಹಾಳೆ ಬರೆಯುವವಳು ತಾನೇ ಎಂದುಕೊಂಡಾಗ ದೇವಿರಮ್ಮನಿಗೆ ಒಂಥರಾ ಖುಷಿಯಾಯಿತು. ಗೋಡೆಯ ಕ್ಯಾಲೆಂಡರ್ ಬಿಚ್ಚಿ ನೆಲದ ಮೇಲೆ ಹಾಸಿಕೊಂಡು ಕೂತಳು. ನಾಟಿ ಸೆಪ್ಟೆಂಬರ್ ಕೊನೆಗೆ ಹಿಡಿಯುವ ಹಸ್ತ ಮಳೆಯಲ್ಲಿ ಆಗಬೇಕು. ಆಗ ಬಿಸಿಲಿನ ಕಾವು ಇಳಿದಿರುತ್ತದೆ, ಪೈರು ಬೇಗ ಬೇರು ಹಿಡಿಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದಳು. ಮೆಣಸಿನಕಾಯಿ ಪೈರಿಗೆ ನಲವತ್ತು ದಿನ ಬೇಕು, ಬದನೆಗೆ ಮೂವತ್ತೈದು, ಟೊಮೇಟೊಗೂ ಎಲೆಕೋಸಿಗೂ ಇಪ್ಪತ್ತೈದು. ಹಾಗೆ ಬೇರೆ ಬೇರೆ ದಿನ ಬೀಜ ಹಾಕಿದರೆ ನಾಲ್ಕೂ ಒಂದೇ ವಾರದಲ್ಲಿ ನಾಟಿಗೆ ಬರುತ್ತವೆ. ತಾರೀಕುಗಳ ಸುತ್ತ ಪೆನ್ನಿನಲ್ಲಿ ಸುತ್ತು ಹಾಕಿದಳು. ಎಲ್ಲೂ ತಪ್ಪಿರಲಿಲ್ಲ.

ಅಂಗೈ ಎತ್ತರಕ್ಕೆ ಮಣ್ಣು ಏರಿಸಿ ಮಡಿ ಕಟ್ಟಿದಳು. ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಿದಳು. ಬೆರಳಿನಲ್ಲಿ ಗೆರೆ ಎಳೆದು, ಬೀಜವನ್ನು ತೆಳ್ಳಗೆ ಬಿಟ್ಟು, ಮೇಲೆ ಒಣಹುಲ್ಲು ಹೊದಿಸಿದಳು. ಮೊಳಕೆ ಕಣ್ಣುಬಿಟ್ಟ ದಿನ, ಬಿಸಿಲು ಇಳಿದ ಮೇಲೆ ಹುಲ್ಲು ತೆಗೆದಳು. ದಿನಾ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗಿ ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ಎಂಟಾದರೂ ಏಳುತ್ತಿರಲಿಲ್ಲ. ಪೈರು ಒಂದಕ್ಕೊಂದು ಸಮನಾಗಿ, ಹಲ್ಲಿನ ಸಾಲಿನಂತೆ ಎದ್ದಿತು.

ನಾಗಯ್ಯ ನೀರು ಕಟ್ಟಲು ಬಂದವನು ಬದುವಿನ ಮೇಲೆ ನಿಂತುಬಿಟ್ಟ.

"ಅಲ್ಲಾ ಕನಕ್ಕ, ಒಂದೂ ಸತ್ತಿಲ್ವಲ್ಲ! ಏನಿಲ್ಲ ಅಂದ್ರೂ ಐದಾರು ಸಾವಿರ ಪೈರು ಐತೆ."

"ಮೂವತ್ಮೂರು ವರ್ಸ ಇದೇ ಮಾಡಿವ್ನಿ ಕನಪ್ಪ."

"ಅದು ಸರಿ. ನಾಟಿಗೆ ಯಾರು?"

ಆ ಪ್ರಶ್ನೆ ದೇವಿರಮ್ಮನಿಗೆ ಹೊಳೆದೇ ಇರಲಿಲ್ಲ. ಫಾರಮ್ಮಿನಲ್ಲಿ ನಾಟಿಯ ದಿನ ಬೆಳಿಗ್ಗೆ ಮಡಿಯ ಹತ್ತಿರ ಇಪ್ಪತ್ತು ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಿದ್ದರು. ಯಾರೂ ಅವರನ್ನು ಕರೆಯಬೇಕಾಗಿರಲಿಲ್ಲ. ಮೇಲಿನವರ ಹಾಳೆಯಲ್ಲೂ ಅವರ ಹೆಸರು ಇರುತ್ತಿರಲಿಲ್ಲ.

"ಕರೀತೀನಿ ಬುಡು" ಎಂದಳು.

ಆ ಸಂಜೆಯೇ ಊರಿನಲ್ಲಿ ಮೂರು ಮನೆಗೆ ಹೋದಳು. ನಾಟಿಗೆ ಹೋಗುವ ಹೆಂಗಸರು ಗುಂಪು ಗುಂಪಾಗಿ ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಿ ಹೋಗುತ್ತಿದ್ದರು. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಮೊದಲ ಎರಡು ಮನೆಯವರು, ಇನ್ನು ಹತ್ತು ದಿನ ಬಿಡುವಿಲ್ಲ ಎಂದರು. ಮೂರನೇ ಮನೆಯ ಸುನಿತಾ ಮುಖಕ್ಕೇ ಹೇಳಿದಳು.

"ಬೇಜಾರು ಮಾಡ್ಕೋಬೇಡ ಕನಕ್ಕ. ನೀನು ಯಾವತ್ತು ನಮ್ಮೂರಲ್ಲಿ ಯಾರ ಒಲಕ್ಕೆ ಮುಯ್ಯಿ ಬಂದಿದ್ದೀಯೆ? ಎಂಟು ಗಂಟೆಗೆ ಫಾರಮ್ಮಿಗೆ ಓದ್ರೆ ಸಂಜೇಲಿ ಬತ್ತಿದ್ದೆ. ಈಗ ನಾನು ಗುಂಪಿಗೆ ಏನಂತ ಏಳ್ಲಿ?"

"ಕೂಲಿನೇ ಕೊಡ್ತೀನಿ ಕನವ್ವ."

"ಕೂಲಿಗಲ್ಲ ಕನಕ್ಕ. ಮಾತು ಕೊಟ್ಟಿರೋ ಒಲಗಳೇ ಇನ್ನೂ ಮುಗ್ದಿಲ್ಲ."

ಸುನಿತಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹುಟ್ಟಿದ ಊರಿನಲ್ಲೇ ಮೂವತ್ತು ವರ್ಷ ರಾತ್ರಿ ಮಲಗಲು ಮಾತ್ರ ಬಂದಿದ್ದಳು ದೇವಿರಮ್ಮ. ಬೀದಿಯ ಹೆಂಗಸರ ಹೆಸರು ಗೊತ್ತು, ಮಕ್ಕಳ ಹೆಸರು ಅಷ್ಟಾಗಿ ಗೊತ್ತಿಲ್ಲ. ಅವಳ ಮಾತುಕತೆ, ನಗು, ಜಗಳ, ಚಟ್ನಿ ಹಂಚಿಕೊಳ್ಳುವುದು ಎಲ್ಲ ಫಾರಮ್ಮಿನ ಮಡಿಗಳ ನಡುವೆಯೇ ಆಗಿಹೋಗಿತ್ತು. ಅಲ್ಲಿ ಇನ್ನೂ ಕೆಲಸದಲ್ಲಿದ್ದ ಇಬ್ಬರಿಗೆ ಫೋನ್ ಮಾಡಿದಳು. "ಭಾನುವಾರ ಒಂದಿನ ಮನೇಲಿರದು ಕನಕ್ಕ" ಎಂದರು ಇಬ್ಬರೂ. ಅದೂ ನಿಜವೇ.

ಆಗ ಅವಳಿಗೆ ಪಟ್ಟಲಮ್ಮ ನೆನಪಾದಳು. ನೆನಪಾದಳು ಎನ್ನುವುದು ಸರಿಯಲ್ಲ, ಅವಳು ಮರೆತೇ ಇರಲಿಲ್ಲ. ಇಪ್ಪತ್ತಾರು ವರ್ಷ ಇಬ್ಬರೂ ಜೋಡಿ ಸಾಲು ಹಿಡಿದವರು. ಒಬ್ಬಳು ಗುಳಿ ತೆಗೆದರೆ ಇನ್ನೊಬ್ಬಳು ಪೈರು ಇಡುವಳು, ಬೆನ್ನು ನೊಂದಾಗ ಅದಲು ಬದಲು. ದೇವಿರಮ್ಮ ದಿನಾ ಬುತ್ತಿಗೆ ಎರಡಾಳಿನ ಚಟ್ನಿ ಅರೆಯುತ್ತಿದ್ದಳು. ಪಟ್ಟಲಮ್ಮ ಎರಡು ವರ್ಷದ ಹಿಂದೆ ನಿವೃತ್ತಳಾಗಿ, ಮಳವಳ್ಳಿಯ ಆಚೆ ಪೂರಿಗಾಲಿಯಲ್ಲಿದ್ದ ಮಗನ ಮನೆಗೆ ಹೋಗಿದ್ದಳು. ಹಬ್ಬಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದರು. ಕರೆದರೆ ಪಟ್ಟಲಮ್ಮ ಬಂದೇ ಬರುತ್ತಾಳೆ, ಎರಡು ದಿನ ಜೊತೆಗೇ ಇರುತ್ತಾಳೆ, ರಾತ್ರಿ ಮಾತಾಡಿಕೊಂಡು ಮಲಗಬಹುದು ಎಂದು ದೇವಿರಮ್ಮ ಇನ್ನೊಂದು ಚಾಪೆಯನ್ನೂ ಬಿಸಿಲಿಗೆ ಹಾಕಿದಳು.

ಮಾರನೇ ದಿನ ಟೊಮೇಟೊ, ಬದನೆ ಪೈರನ್ನು ಒಂದೊಂದು ಹಿಡಿ ಕಿತ್ತು, ಬೇರಿಗೆ ಒದ್ದೆ ಗೋಣಿ ಸುತ್ತಿ, ಬಾಳೆಎಲೆಯಲ್ಲಿ ಕಟ್ಟಿಕೊಂಡು ಹೊರಟಳು. ಮಂಡ್ಯದಲ್ಲಿ ಮಳವಳ್ಳಿ ಬಸ್ಸು ಹತ್ತಿ, ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆದು, ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಳವಳ್ಳಿಯಲ್ಲಿ ಇಳಿದು ಬಸ್ಸು ಬದಲಿಸುವಾಗ ಗೋಣಿಗೆ ನೀರು ಚಿಮುಕಿಸಿದಳು. ಪೂರಿಗಾಲಿ ತಲುಪಿದಾಗ ಹನ್ನೆರಡಾಗಿತ್ತು.

ಪಟ್ಟಲಮ್ಮ ಜಗುಲಿಯ ಮೇಲೆ ಮೊರದಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದಳು. ಮೈ ತುಂಬಿಕೊಂಡಿತ್ತು.

"ಅಯ್ಯೋ ದೇವಿರಿ! ಏನಮ್ಮಿ ಇದ್ದಕ್ಕಿದ್ದಂಗೆ? ಒಂದು ಫೋನಾದ್ರೂ ಮಾಡ್ಬಾರ್ದಾ?"

"ನೋಡ್ಬೇಕು ಅನ್ನಿಸ್ತು ಕನಮ್ಮಿ, ಬಂದ್ಬುಟ್ಟೆ."

"ಬಾ, ಬಾ, ಕೂತ್ಕೊ. ಅಮೃತಾ, ಒಂದ್ ಲೋಟ ಮಜ್ಜಿಗೆ ತತ್ತಾ."

ಸೊಸೆ ಅಮೃತ ಮಜ್ಜಿಗೆ ತಂದುಕೊಟ್ಟು, "ಯಾರತ್ತೆ?" ಎಂದು ಮೆಲ್ಲಗೆ ಕೇಳಿದಳು.

"ಫಾರಮ್ಮಲ್ಲಿ ನಾವು ಒಂದಿಪ್ಪತ್ತು ಜನ ಕೆಲ್ಸ ಮಾಡ್ತಿರ್ಲಿಲ್ವಾ, ಅವರಲ್ಲಿ ಒಬ್ಳು ಕನವ್ವ. ಒಳಲು ಊರಿನೋಳು."

ದೇವಿರಮ್ಮ ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಈ ಮನೆಯೊಳಗೆ ತನ್ನ ಹೆಸರು ಒಂದು ಸಲವೂ ಬಂದಿಲ್ಲ ಎಂಬುದು ಅವಳಿಗೆ ತಿಳಿಯಿತು. ಲೋಟ ಕೆಳಗಿಟ್ಟು ಕಟ್ಟು ಬಿಚ್ಚಿದಳು.

"ನಿಂಗೆ ಅಂತ ಪೈರು ತಂದೆ."

ಪಟ್ಟಲಮ್ಮ ಒಂದು ಪೈರೆತ್ತಿ ಬೇರು ನೋಡಿದಳು. "ಚೆನ್ನಾಗೈತೆ. ನಿನ್ ಕೈ ಇನ್ನೂ ಅಂಗೇ ಐತೆ ಬುಡು. ಆದ್ರೆ ಈಗ ಯಾರಮ್ಮಿ ಮನೇಲಿ ಪೈರು ಎಬ್ಬಿಸ್ತಾರೆ? ನನ್ ಮಗ ನರ್ಸರಿಯಿಂದ ಟ್ರೇಲಿ ಬೆಳ್ದಿರೋ ಪೈರು ತಂದು ಮೊನ್ನೆನೇ ನಾಟಿ ಮುಗಿಸ್ಬುಟ್ಟ. ಇರ್ಲಿ, ಮನೆ ಇಂದ್ಲ ಇತ್ಲಲ್ಲಿ ಜಾಗ ಇದ್ರೆ ಚುಚ್ತೀನಿ."

"ನನ್ ನಾಟಿಗೆ ಎರಡು ದಿನ ಬಂದೀಯಾ ಅಂತ ಕೇಳಕ್ಕೆ ಬಂದೆ."

"ನಾಟಿಗಾ?" ಪಟ್ಟಲಮ್ಮ ಜೋರಾಗಿ ನಕ್ಕಳು. "ಮಂಡಿ ಮಡ್ಚಕ್ಕೇ ಆಗಲ್ಲ ಕನಮ್ಮಿ ನಂಗೆ. ಅಲ್ದೆ ಪಕ್ಸದ ಅಬ್ಬ ಬಂತು, ಸುಣ್ಣ ಒಡೀಬೇಕು, ಮೊಮ್ಮಕ್ಕಳನ್ನ ಸ್ಕೂಲಿಗೆ ಕಳಿಸ್ಬೇಕು. ಉಸಿರಾಡಕ್ಕೆ ಪುರ್ಸೊತ್ತಿಲ್ಲ. ನೀನು ಆಗ ಬದನೆ ಮಡಿ ನೋಡ್ಕತಿದ್ದೋಳು ಅಲ್ವಾ?"

"ಅದು ಬೇರೆಯೋರು. ನಾನು ನಿನ್ ಜೊತೆ ಸಾಲು ಇಡೀತಿದ್ದೆ."

"ಊಂ ಊಂ, ಔದು ಕನ. ಎಷ್ಟೊಂದು ಜನ ಇದ್ವಿ!" ಎಂದು ಪಟ್ಟಲಮ್ಮ ಮತ್ತೆ ಮೊರದ ಕಡೆ ತಿರುಗಿದಳು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಎರಡನೇ ಮುದ್ದೆ ಬೇಡವೆಂದರೂ ಬಿಡಲಿಲ್ಲ. ಹೊರಡುವಾಗ ಪಟ್ಟಲಮ್ಮ ಚೀಲದ ತುಂಬ ನುಗ್ಗೆಕಾಯಿ ತುಂಬಿಕೊಟ್ಟು, ಬಾಗಿಲವರೆಗೆ ಬಂದು, "ಬತ್ತಾ ಇರಮ್ಮಿ" ಎಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ದೇವಿರಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಪಟ್ಟಲಮ್ಮನಿಗೆ ಸಂಜೆ ಹೋಗಿ ಸೇರಲು ಒಂದು ತುಂಬಿದ ಮನೆ ಇತ್ತು. ಫಾರಂ ಅವಳಿಗೆ ಕೆಲಸದ ಜಾಗ ಅಷ್ಟೆ. ತನಗೆ ಅದೇ ಮನೆಯಾಗಿತ್ತು. ಇದನ್ನು ಪಟ್ಟಲಮ್ಮನಿಗೆ ಯಾವತ್ತೂ ಹೇಳಿರಲಿಲ್ಲ, ಹೇಳುವ ಮಾತು ಎಂದೂ ಅನ್ನಿಸಿರಲಿಲ್ಲ. ಮಂಡ್ಯದಲ್ಲಿ ಇಳಿಯುವಾಗ ಚೀಲವನ್ನು ಸೀಟಿನಲ್ಲೇ ಬಿಟ್ಟಿದ್ದಳು. ಕಂಡಕ್ಟರ್ ಕೂಗಿ ಕರೆದು ಕೊಟ್ಟ.

ಮರುದಿನ ಬೆಳಗ್ಗೆಯಿಂದ ಒಬ್ಬಳೇ ನಾಟಿಗೆ ಇಳಿದಳು. ಹಸ್ತ ಮಳೆ ಮಣ್ಣನ್ನು ಹದವಾಗಿ ನೆನೆಸಿತ್ತು. ಗುಳಿ ತೆಗೆಯುವುದು, ಪೈರು ಇಡುವುದು, ಬುಡ ಒತ್ತುವುದು, ಎದ್ದು ಚೊಂಬಿನಲ್ಲಿ ನೀರು ಹನಿಸುವುದು ಎಲ್ಲಕ್ಕೂ ಇದ್ದದ್ದು ಒಂದೇ ಜೊತೆ ಕೈ. ಬೆಳಿಗ್ಗೆ ನಾನೂರು, ಬಿಸಿಲು ತಗ್ಗಿದ ಮೇಲೆ ಇನ್ನೂರು. ಅದಕ್ಕಿಂತ ಹೆಚ್ಚು ಆಗಲಿಲ್ಲ. ಮೂರನೇ ದಿನ ಸಾಲಿನ ನಡುವೆ ಏನೋ ಹೇಳಲೆಂದು ಬಲಕ್ಕೆ ತಿರುಗಿ, ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಟೊಮೇಟೊ ಮುಗಿಯುವಷ್ಟರಲ್ಲಿ ಬದನೆ ಪೈರು ಮಡಿಯಲ್ಲಿ ಉದ್ದಕ್ಕೆ ಬೆಳೆದು ಬಾಗತೊಡಗಿತು. ಬದನೆ ಅರ್ಧ ಆಗುವಾಗ ಚಿತ್ತೆ ಮಳೆ ಶುರುವಾಯಿತು. ಮೂರು ದಿನ ಬಿಡದೆ ಸುರಿಯಿತು. ನಾಲ್ಕನೇ ದಿನ ಹೋಗಿ ನೋಡಿದರೆ ಎಲೆಕೋಸಿನ ಪೈರು ಪೂರ್ತಿ ಬುಡ ಕೊಳೆತು ನೆಲಕ್ಕೆ ಒರಗಿತ್ತು. ಬೆರಳಲ್ಲಿ ಮುಟ್ಟಿದರೆ ದಾರದಂತೆ ಕಿತ್ತು ಬಂತು. ಫಾರಮ್ಮಿನಲ್ಲಿ ಅವಳ ಕೈಯಲ್ಲಿ ಒಂದು ಮಡಿಯೂ ಹೀಗೆ ಹೋದದ್ದಿರಲಿಲ್ಲ. ದೇವಿರಮ್ಮ ಒದ್ದೆ ಬದುವಿನ ಮೇಲೆ ಕೂತು ಅತ್ತಳು. ಸುತ್ತ ಯಾರೂ ಇರಲಿಲ್ಲವಾದ್ದರಿಂದ ಸೆರಗು ಮುಚ್ಚಿಕೊಳ್ಳದೆ ಅತ್ತಳು.

ಮಧ್ಯಾಹ್ನ ನಾಗಯ್ಯ ಬಂದ. ಮಡಿ ನೋಡಿ ಚ್ಚು ಚ್ಚು ಎಂದ.

"ಯಾಕಕ್ಕ ಈ ಪಾಡು? ಮುಂದ್ಲ ಬೆಳೆಗೆ ನಂಗೇ ಬುಟ್ಬುಡು. ಭತ್ತ ಆಕ್ತೀನಿ, ನಿನ್ ಪಾಲು ಮನೆಗೆ ಬತ್ತದೆ. ನೀನು ಆಯಾಗಿರು."

"ಆಯಾಗಿ ಮನೇಲಿ ಕೂತು ಏನು ಮಾಡ್ಲಪ್ಪ ನಾಗಯ್ಯ?"

ನಾಗಯ್ಯ ಕಾಲುವೆ ಕಡೆ ನೋಡುತ್ತ ನಿಂತು, "ಬೀಜ ಬೇಕಾದ್ರೆ ಏಳು, ಮಂಡ್ಯದಿಂದ ತತ್ತೀನಿ" ಎಂದು ಹೇಳಿ ಹೋದ.

ಆ ಸಂಜೆ ಅವಳು ಲೆಕ್ಕವನ್ನು ತಲೆಕೆಳಗು ಮಾಡಿದಳು. ಎಲ್ಲ ಪೈರೂ ಒಂದೇ ವಾರ ನಾಟಿಗೆ ಬರಬೇಕು ಎಂಬುದು ಇಪ್ಪತ್ತು ಜನರ ಲೆಕ್ಕ. ತನ್ನದು ಒಂದಾಳು. ಒಂದು ಬೆಳಿಗ್ಗೆ ನಾನೂರು ಪೈರು ಇಡಬಲ್ಲ ಆಳು. ಹಾಗಾದರೆ ಒಂದು ಸಲಕ್ಕೆ ಎರಡು ಬೆಳಗಿನಷ್ಟು ಪೈರು ಮಾತ್ರ ಎಬ್ಬಿಸಬೇಕು. ಹದಿನೈದು ದಿನ ಬಿಟ್ಟು ಮತ್ತೊಂದು ಚಿಕ್ಕ ಮಡಿ, ಆಮೇಲೆ ಇನ್ನೊಂದು. ನಡುವಿನ ಜಾಗದಲ್ಲಿ ನಾಟಿಯ ಗೊಡವೆಯಿಲ್ಲದ ಮೂಲಂಗಿ, ಹುರುಳಿಕಾಯಿ, ಕೊತ್ತಂಬರಿ ಬೀಜವನ್ನು ನೇರ ಊರಿದರಾಯಿತು. ಈ ಯೋಜನೆಯನ್ನು ಯಾವ ಹಾಳೆಯಲ್ಲೂ ಅವಳು ನೋಡಿರಲಿಲ್ಲ. ಬರೆದು ಮುಗಿಸಿ ಇನ್ನೊಮ್ಮೆ ಓದಿದಳು. ಸರಿಯಾಗಿತ್ತು. ಸರಿಯಾಗಿದೆ ಎಂದು ಯಾರಿಗಾದರೂ ತೋರಿಸಬೇಕೆನ್ನಿಸಿ, ಪ್ರಿಯಂವದಾ ಮೇಡಂಗೆ ಫೋನ್ ಮಾಡಲು ನಂಬರು ತೆಗೆದು, ಹೊತ್ತಾಯಿತು ಎಂದುಕೊಂಡು ಸುಮ್ಮನಾದಳು.

ಉಳಿದ ಬದನೆಯನ್ನೂ ಮೆಣಸಿನಕಾಯಿಯನ್ನೂ ಮಳೆ ಬಿಟ್ಟ ಮೇಲೆ ನಾಟಿ ಮಾಡಿದಳು. ಅರ್ಧಕ್ಕಿಂತ ಹೆಚ್ಚು ನಿಂತವು. ನಾಗಯ್ಯ ತಂದುಕೊಟ್ಟ ಎಲೆಕೋಸಿನ ಬೀಜದಿಂದ ಒಂದು ಮಾರುದ್ದದ ಮಡಿ ಎಬ್ಬಿಸಿದಳು. ಮುಂದಿನ ಮಡಿ ಅದಕ್ಕೂ ಚಿಕ್ಕದು.

ನವೆಂಬರ್ ಕೊನೆಯ ಹೊತ್ತಿಗೆ ಆ ಎಲೆಕೋಸಿನ ಪೈರು ಹದಕ್ಕೆ ಬಂತು. ಎರಡನೇ ದಿನದ ನಾಟಿ ಒಂಬತ್ತು ಗಂಟೆಗೆಲ್ಲ ಮುಗಿದುಹೋಯಿತು. ಒಂದು ಪೈರೂ ಹೆಚ್ಚಾಗಲಿಲ್ಲ, ಒಂದು ಗುಳಿಯೂ ಖಾಲಿ ಉಳಿಯಲಿಲ್ಲ. ಬೆನ್ನು ನೋಯುತ್ತಿರಲಿಲ್ಲ. ದೇವಿರಮ್ಮ ಕಾಲುವೆಯಲ್ಲಿ ಕೈಕಾಲು ತೊಳೆದು, ಹೊಂಗೆಯ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದಳು. ಎರಡು ಗದ್ದೆ ಆಚೆ ಸುನಿತಾಳ ಗುಂಪು ಕೆಲಸ ನಿಲ್ಲಿಸಿ ತಿಂಡಿಗೆ ಕೂತಿತ್ತು. ಯಾರೋ ಏನೋ ಹೇಳಿದರು, ಎಲ್ಲರೂ ಒಟ್ಟಿಗೆ ನಕ್ಕರು. ಮಾತು ಇಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ. ಅವಳು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು, ಮರದ ಆಚೆ ಮಗ್ಗುಲಿಗೆ, ಅವರು ಕಾಣುವ ಕಡೆಗೆ ಹೋಗಿ ಬಿಸಿಲಿನಲ್ಲೇ ಕೂತಳು.