ಹಸಿರು ಚುಕ್ಕೆ

ಟೆನ್ನಿಸ್ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮನೆಯಲ್ಲಿ, ಕೆಲಸದಲ್ಲಿ, ನೆಂಟರ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ, ಹೊಸಬರಿಗೆ ನನ್ನ ಪರಿಚಯ ಮಾಡಿಕೊಡುವಾಗ ನನ್ನ ಗಂಡ ಮೊದಲು ಹೇಳುವುದೇ ಅದನ್ನು. ಒಂದು ಚೆಂಡು ಆಚೆ ಹೋಗುತ್ತದೆ, ಈಚೆ ಬರುತ್ತದೆ. ಅದರ ಹಿಂದೆ ನೂರು ಕತ್ತುಗಳು ಆಚೆ ಈಚೆ ತಿರುಗುತ್ತವೆ. ಬಿಸಿಲಲ್ಲಿ ಸಿಮೆಂಟಿನ ಮೆಟ್ಟಿಲ ಮೇಲೆ ಮೂರು ಗಂಟೆ ಕೂತು ಬಂದರೆ ನನ್ನ ತಲೆ ಸಿಡಿಯುತ್ತದೆ. ನನ್ನ ಹಣೆಬರಹಕ್ಕೆ, ಹೆತ್ತ ಮಗಳಿಗೆ ಅದೇ ಪ್ರಾಣ. ಹದಿಮೂರು ವರ್ಷ ಅವಳಿಗೆ, ಗುಬ್ಬಿ ಅಂತ ಕರೆಯುತ್ತೇವೆ. ಎಂಟನೆಯ ವಯಸ್ಸಿನಿಂದ ಆಡುತ್ತಿದ್ದಾಳೆ. ಮ್ಯಾಚುಗಳಿಗೆಲ್ಲ ಅವಳಪ್ಪ ಹೋಗುತ್ತಾರೆ. ಸಿಟಿ ಬಸ್ಸಿನ ಡ್ರೈವರಾದ ಅವರು ಯಾರ ಯಾರದೋ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡು ಹೋಗುತ್ತಾರೆ. ನಾನು ಹೋಗಿದ್ದು ಎರಡೇ ಸಲ. ಎರಡನೆಯ ಸಲ ಕೂತಲ್ಲೇ ನಿದ್ದೆ ಹೋಗಿದ್ದೆ.

ಅದಕ್ಕೇ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ನನ್ನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಬಿಸಿ ರೋಲರಿನಿಂದ ಇಸ್ತ್ರಿಯಾಗಿ ಹೊರಬರುವ ಬೆಡ್‌ಶೀಟಿನ ಎರಡು ಮೂಲೆ ನಾನು ಹಿಡಿದರೆ ಇನ್ನೆರಡನ್ನು ನನ್ನ ಜೋಡಿಯವಳು ಹಿಡಿಯುತ್ತಾಳೆ. ಎಳೆದು, ಮಡಚಿ, ಒಟ್ಟುತ್ತೇವೆ. ಅವಳ ಬಾಯಿ ನಿಲ್ಲುವುದೇ ಇಲ್ಲ, ಹಾಗಾಗಿ ಎಲ್ಲರೂ ಅವಳನ್ನು ರೇಡಿಯೋ ಅನ್ನುತ್ತಾರೆ. ಬೆಳಗ್ಗೆ ಆರಕ್ಕೆ ಶುರುವಾಗುವ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಆಮೇಲಿನ ಹೊತ್ತು ನನ್ನದು.

ಹೋದ ತಿಂಗಳು ಒಂದು ಸಂಜೆ ಮಗಳ ಕೋಣೆ ಗುಡಿಸುತ್ತಿದ್ದೆ. ಅವಳ ಸೋದರಮಾವ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ವಿಡಿಯೋ ಗೇಮು ಟಿ.ವಿ. ಕೆಳಗೆ ಧೂಳು ತಿನ್ನುತ್ತಿತ್ತು. ಪಂದ್ಯಾವಳಿಗೆ ನಾಲ್ಕು ವಾರ ಇರುವಾಗಿನಿಂದ ಯಾವ ಮಗುವೂ ಗೇಮ್ ಮುಟ್ಟಕೂಡದು ಅಂತ ಅವಳ ಟೆನ್ನಿಸ್ ಕ್ಲಬ್ಬಿನ ಕೋಚ್ ಕಟ್ಟಪ್ಪಣೆ ಮಾಡಿದ್ದರು. ಒರೆಸುವಾಗ ನನ್ನ ಕೈ ಯಾವುದೋ ಗುಂಡಿಗೆ ತಗುಲಿತು. ಪರದೆ ಹೊತ್ತಿಕೊಂಡಿತು. ನೀಲಿ ಅಂಕಣ, ಆಚೆ ಕಡೆ ಒಬ್ಬಳು ಉದ್ದನೆಯ ಹೆಂಗಸು. ನೋಡೇಬಿಡೋಣ ಅಂತ ಒತ್ತಿದೆ. ಚೆಂಡು ನೆಟ್ಟಿಗೆ ಬಿತ್ತು. ಮತ್ತೆ ಒತ್ತಿದೆ. ಮತ್ತೆ ನೆಟ್ಟಿಗೆ. ಸೋತರೆ ನನಗೆ ಮೈಯೆಲ್ಲ ಉರಿಯುತ್ತದೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ಕೂತವಳು ಏಳುವಾಗ ಐದೂಕಾಲು.

ಮೂರನೆಯ ದಿನ ಆ ಉದ್ದನೆಯವಳನ್ನು ಸೋಲಿಸಿದೆ. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಬಿಸಿಲಿಲ್ಲ, ಬೆವರಿಲ್ಲ, ಚೆಂಡು ಹುಡುಕಿಕೊಂಡು ಯಾರೂ ಬಗ್ಗಬೇಕಾಗಿಲ್ಲ. ಎದುರಾಳಿಯನ್ನು ಎಡಮೂಲೆಗೆ ಓಡಿಸಿ ಬಲಮೂಲೆಗೆ ಹೊಡೆದಾಗ ಕೂತಲ್ಲೇ ತೊಡೆ ತಟ್ಟುತ್ತಿದ್ದೆ. ನನ್ನದೇ ಹೆಸರಿನ ಖಾತೆ ತೆರೆಯೋಣವೆಂದರೆ ಅದು ಊರು, ಹುಟ್ಟಿದ ದಿನ, ಅದು ಇದು ಅಂತ ಜಾತಕವನ್ನೇ ಕೇಳಿತು. ಯಾರಿಗೆ ಬೇಕು ಅಂತ ಮಗಳ ಹೆಸರಿನಲ್ಲೇ ಆಡಿದೆ.

ಕೋಚಿಂಗ್ ಇಲ್ಲದ ದಿನ ಮಕ್ಕಳು ತಾವೇ ನಾಲ್ಕರಿಂದ ಐದೂವರೆವರೆಗೆ ಪಾರ್ಕಿನ ಸುತ್ತ ಓಡಿ, ಎಷ್ಟು ಸುತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗುಬ್ಬಿ ಒಂದು ದಿನವೂ ತಪ್ಪಿಸುವವಳಲ್ಲ. ಅವಳ ಬೂಟಿನ ಸದ್ದು ಮೆಟ್ಟಿಲಿಳಿದು ಗೇಟು ಕಿರ್ ಎಂದ ಕೂಡಲೇ ನಾನು ಟಿ.ವಿ. ಹಾಕುತ್ತಿದ್ದೆ. ಐದೂಕಾಲಿಗೆ ಆರಿಸಿ, ಟಿ.ವಿ. ಬಿಸಿ ಇದೆಯೋ ಅಂತ ಮುಟ್ಟಿ ನೋಡಿ, ಒಲೆಯ ಮುಂದೆ ನಿಂತುಬಿಡುತ್ತಿದ್ದೆ. ನಲವತ್ತೆರಡು ವರ್ಷದ ಹೆಂಗಸು, ಕದ್ದು ಸಕ್ಕರೆ ತಿನ್ನುವ ಮಗುವಿನ ಹಾಗೆ.

"ಹೆಬ್ಬೆರಳಿಗೇನಾಯ್ತೇ? ಮೂಲೆ ಸರಿಯಾಗಿ ಹಿಡೀತಾನೇ ಇಲ್ಲ ನೀನು," ಅಂತ ರೇಡಿಯೋ ಕೇಳಿದಳು.

"ಈ ಹಾಳು ಶೀಟು ಎಳೆದೂ ಎಳೆದೂ," ಅಂದೆ. ಪಾಪ, ಎರಡು ದಿನ ಭಾರದ ಕಂಬಳಿಗಳನ್ನೆಲ್ಲ ಅವಳೊಬ್ಬಳೇ ಮಡಚಿದಳು.

ಅದಾದರೂ ಹೋಗಲಿ. ಅದೇ ಶನಿವಾರ ಗುಬ್ಬಿಯ ಆಯ್ಕೆಯ ಪಂದ್ಯವಿತ್ತು. ಗೆದ್ದರೆ ಪಂದ್ಯಾವಳಿಗೆ ಹೋಗುವ ನಾಲ್ಕು ಜನರ ತಂಡದಲ್ಲಿ ಜಾಗ. "ಈ ಸಲ ಬಾರಮ್ಮ," ಅಂದಳು. ಓವರ್‌ಟೈಮ್ ಇದೆ ಅಂದೆ. ಇರಲಿಲ್ಲ. ಅಪ್ಪ ಮಗಳು ಹೊರಟ ಮೇಲೆ ಬಾಗಿಲು ಹಾಕಿಕೊಂಡು ಕೂತು ಆಡಿದೆ. ಅವಳು ನಿಜವಾದ ಅಂಕಣದಲ್ಲಿ ಗೆದ್ದ ಹೊತ್ತಿಗೆ ನಾನು ಪರದೆಯ ಮೇಲೆ ಒಂದು ಕಪ್ ಗೆದ್ದಿದ್ದೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಖುಷಿಯಾಯಿತೋ ದೇವರೇ ಬಲ್ಲ.

ಮುಂದಿನ ಗುರುವಾರ ಸಂಜೆ ಗಂಡ ಕೆಂಡವಾಗಿ ಮನೆಗೆ ಬಂದರು. ಕೋಚ್ ಫೋನು ಮಾಡಿದ್ದರಂತೆ. ಆ ಮನುಷ್ಯ ಬಲು ಚುರುಕು. ಗೇಮ್ ಇರುವ ಎಲ್ಲ ಮಕ್ಕಳ ಗೇಮ್ ಖಾತೆಯ ಸ್ನೇಹಿತರ ಪಟ್ಟಿಗೂ ತಮ್ಮ ಹೆಸರು ಸೇರಿಸಿಟ್ಟಿದ್ದರು. ಯಾರಾದರೂ ಆಡಲು ಕೂತರೆ ಅವರ ಫೋನಿನಲ್ಲಿ ಆ ಹೆಸರಿನ ಪಕ್ಕ ಹಸಿರು ಚುಕ್ಕೆ ಬರುತ್ತದಂತೆ. ಹಾಗೊಂದಿದೆ ಅಂತ ನನಗೇನು ಗೊತ್ತು? ಗುಬ್ಬಿಯ ಹೆಸರಿನ ಪಕ್ಕ ಒಂಬತ್ತು ದಿನ ಚುಕ್ಕೆ ಬಂದಿತ್ತು, ಅದೂ ಸರಿಯಾಗಿ ಅವಳು ಓಡಬೇಕಾದ ಹೊತ್ತಿಗೆ. ಶನಿವಾರದ ಚುಕ್ಕೆ ಮಾತ್ರ ಪಂದ್ಯದ ಗಡಿಬಿಡಿಯಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಓಡ್ದೆ ಅಂತ ಬುಕ್ಕಲ್ಲಿ ಬರ್ಕೊಂಡು ಮನೇಲಿ ಗೇಮ್ ಆಡ್ತಿದ್ಯಾ?" ಗಂಡ ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿದರು. "ಟೀಮಿಂದ ತೆಗೆದಿದಾರೆ. ಹೋಗಿ ಬೇರೆಯವರಿಗೆ ಚೆಂಡು ಎತ್ತಿ ಕೊಡು ಈಗ."

ಗುಬ್ಬಿ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು, ಒಂದೇ ಕ್ಷಣ. ಆಮೇಲೆ ತಲೆ ತಗ್ಗಿಸಿ, "ಹೂಂ, ಆಡ್ದೆ," ಅಂದಳು.

ನಾನು ಅಲ್ಲೇ ಇದ್ದೆ. ಕೈಯಲ್ಲಿ ಸೌಟಿತ್ತು. ಬಾಯಿ ತೆರೆದರೆ ಒಂದು ಮಾತು, ಅಷ್ಟೇ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ನಾನು ಸಾರಿಗೆ ಉಪ್ಪು ಹಾಕಿದೆ. ಎರಡು ಸಲ ಹಾಕಿದೆನೆಂದು ಊಟಕ್ಕೆ ಕೂತಾಗ ಗೊತ್ತಾಯಿತು.

ಊಟ ಬೇಡ ಅಂದವಳ ಮಂಚದ ತುದಿಯಲ್ಲಿ ಹೋಗಿ ಕೂತೆ.

"ಯಾಕೆ ಸುಳ್ಳು ಹೇಳ್ದೆ?"

"ನೀನು ಆಡೋದು ನಂಗೆ ಮೊದಲ ವಾರಾನೇ ಗೊತ್ತಾಯ್ತು. ಟಿ.ವಿ. ಬೆಚ್ಚಗಿರ್ತಿತ್ತು." ಗೋಡೆಯ ಕಡೆ ತಿರುಗಿಯೇ ಹೇಳಿದಳು. "ಮ್ಯಾಚಿಗೆ ಬರೋಕೆ ಅಂತ ಆಟ ಕಲೀತಿದೀಯ ಅಂದ್ಕೊಂಡಿದ್ದೆ. ಆಮೇಲೆ ಗೇಮಲ್ಲಿ ನನ್ನ ಹೆಸರಿಗೆ ಒಂದು ಕಪ್ ಬಂದಿತ್ತು, ಯಾವತ್ತು ಗೆದ್ದಿದ್ದು ಅಂತ ನೋಡ್ದೆ. ಶನಿವಾರ."

ನಾನು ಅವಳ ಹೊದಿಕೆಯ ಮೂಲೆ ಹಿಡಿದು ಮಡಚತೊಡಗಿದೆ.

"ನಮ್ಮಮ್ಮ ನನ್ನ ಮ್ಯಾಚಿಗೆ ಬರ್ದೆ ಮನೇಲಿ ಟೆನ್ನಿಸ್ ಗೇಮ್ ಆಡ್ತಾರೆ ಅಂತ ಸರ್‌ಗೆ ಹೇಗಮ್ಮ ಹೇಳ್ಲಿ? ಎಲ್ಲರೂ ಕೇಳಿಸ್ಕೊಳ್ತಾರೆ."

ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾಗಿದ್ದಿಲ್ಲ. ನನ್ನ ಮಾನ ಉಳಿಸಲು ಹೋಗಿ ಹದಿಮೂರು ವರ್ಷದ ಹುಡುಗಿ ಕಳ್ಳಿ ಅನ್ನಿಸಿಕೊಂಡಿದ್ದಳು. ಆಗಲೇ ಗಂಡನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು "ನೀನಾ?" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಾರನೆಯ ದಿನ ಪಾಳಿ ಮುಗಿಸಿ ಕ್ಲಬ್ಬಿಗೆ ಹೋದೆ. ಕೋಚ್ ತಮ್ಮ ಕೋಣೆಯಲ್ಲಿ ರ‍್ಯಾಕೆಟ್ಟಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದರು. ಬಾಗಿಲ ಹತ್ತಿರ ಮೂರು ನಾಲ್ಕು ತಾಯಂದಿರು ನಿಂತಿದ್ದರು. ಅವರೆದುರೇ ಹೇಳಿದೆ, ಆಡಿದ್ದು ನಾನು ಅಂತ.

ಕೋಚ್ ನಕ್ಕರು. "ಮಗಳಿಗೋಸ್ಕರ ಹೇಳ್ತಿದೀರ, ಅರ್ಥ ಆಗುತ್ತೆ. ಆದ್ರೆ ನಿಮಗೆ ಟೆನ್ನಿಸ್ ಆಗಲ್ಲ ಅಂತ ಇಡೀ ಕ್ಲಬ್ಬಿಗೇ ಗೊತ್ತಲ್ಲ. ಗೊರಕೆ ಹೊಡೆದಿದ್ರಿ ನೀವು."

"ನಿಜವಾಗ್ಲೂ ನಾನೇ ಸರ್."

"ಅವಳೂ ಒಪ್ಕೊಂಡಿದಾಳಲ್ಲ ಮೇಡಂ."

ವರ್ಷಗಟ್ಟಲೆ ಡಂಗುರ ಹೊಡೆದುಕೊಂಡು ಬಂದಿದ್ದೆನಲ್ಲ, ಅದರ ಫಲ. ನನ್ನ ನಿಜವನ್ನು ನಂಬುವವರೇ ಇರಲಿಲ್ಲ. ಕೋಚ್ ಅವರ ಬೀರುವಿನಲ್ಲಿ ಯಾವುದೋ ಹುಡುಗನಿಂದ ಕಿತ್ತಿಟ್ಟುಕೊಂಡ ಅಂಥದೇ ಗೇಮು ಇರುವುದು ಕಾಣಿಸಿತು. "ಅದನ್ನ ಹಾಕಿ, ತೋರಿಸ್ತೀನಿ," ಅಂದೆ.

ಮಕ್ಕಳ ಆಟದ ರೆಕಾರ್ಡಿಂಗ್ ತೋರಿಸಲು ಇಟ್ಟಿದ್ದ ಟಿ.ವಿ.ಗೆ ಅದನ್ನು ಜೋಡಿಸಿದರು. ಲಾಂಡ್ರಿಯ ಸಮವಸ್ತ್ರದಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಅಭ್ಯಾಸಕ್ಕೆ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ನುಗ್ಗಿದರು. ಮೊದಲ ಎರಡು ಪಾಯಿಂಟು ಹೋದವು. ಹಿಂದೆ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ ಹೆಬ್ಬೆರಳಿಗೆ ಜೀವ ಬಂತು. ಎಡಕ್ಕೆ ಓಡಿಸಿದೆ, ಬಲಕ್ಕೆ ಹೊಡೆದೆ. ಮತ್ತೆ ಎಡಕ್ಕೆ. ಯಾಕೆ ಬಂದಿದ್ದೇನೆ, ಎಲ್ಲಿ ಕೂತಿದ್ದೇನೆ ಅನ್ನುವುದೇ ಮರೆತುಹೋಯಿತು. ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದಾಗ ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿ ಕೂಗಿಬಿಟ್ಟೆ.

"ಆಯ್ತು ಮೇಡಂ," ಅಂದರು ಕೋಚ್. ಗೋಡೆಯ ಪಟ್ಟಿಯಲ್ಲಿ ಹೊಡೆದುಹಾಕಿದ್ದ ಹೆಸರನ್ನು ಮತ್ತೆ ಬರೆದರು. "ಚೆನ್ನಾಗಿ ಆಡ್ತೀರಿ."

ನಗುತ್ತಲೇ ತಿರುಗಿದೆ. ಚೆಂಡಿನ ಬುಟ್ಟಿ ಹಿಡಿದುಕೊಂಡು ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಅವಳು ಆಡುವಾಗ ಐದು ವರ್ಷದಲ್ಲಿ ಒಮ್ಮೆಯೂ ಆ ಮುಖ ಹಾಗಿದ್ದದ್ದನ್ನು ಅವಳು ಕಂಡಿರಲಿಲ್ಲ. ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ ನಾನು. ಮೆಲ್ಲನೆ ಇಳಿಸಿದೆ.

ಗೇಟಿನವರೆಗೆ ಅವಳೇ ಬಿಡಲು ಬಂದಳು. ಬಸ್ಸು ಬರುವುದು ಕಂಡಾಗ, "ಭಾನುವಾರ ಒಂಬತ್ತಕ್ಕೆ ನನ್ನ ಮ್ಯಾಚು," ಅಂದಳು.

"ಬರ್ತೀನಿ ಮಗಳೇ."

"ಬರ್ಲೇಬೇಕು ಅಂತೇನಿಲ್ಲಮ್ಮ. ಬಿಸಿಲಿರುತ್ತೆ, ನಿಂಗೆ ತಲೆ ನೋಯುತ್ತೆ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ನನ್ನ ತಲೆನೋವಿನ ಬಗ್ಗೆ ನಿಜವಾಗಿಯೂ ಯೋಚಿಸಿಯೇ ಹೇಳಿದ್ದಳು.