ವಾರ್ಡಿಗೆ ಬಂದ ಚಿತ್ರ

ಕಲಾ ಸಂಗ್ರಹಾಲಯದ ತೊಲೆಗಳು ಬಿರುಕುಬಿಟ್ಟು, ಬಾಗಿಲಿಗೆ ಬೀಗ ಬಿದ್ದು ಏಳು ತಿಂಗಳಾಗಿತ್ತು. ಹೀಗೇ ಬಿಟ್ಟರೆ ಜನ ಚಿತ್ರಗಳನ್ನು ಮರೆತೇಬಿಡುತ್ತಾರೆಂದು ಹೆದರಿದ ಮೇಲ್ವಿಚಾರಕಿ, ನಿರ್ದೇಶಕರ ಬೆನ್ನುಬಿದ್ದು ಒಪ್ಪಿಗೆ ಪಡೆದಳು: ವಾರಕ್ಕೊಂದು ಚಿತ್ರವನ್ನು ವ್ಯಾನಿನಲ್ಲಿ ಶಾಲೆಗೋ ಕಾರ್ಖಾನೆಗೋ ಆಸ್ಪತ್ರೆಗೋ ಒಯ್ಯುವುದು.

ಆ ಗುರುವಾರ ಒಯ್ದದ್ದು ಕಿಟಕಿಯ ಬಳಿ ಕೂತು ಅಂಗಿ ಹೊಲಿಯುವ ಹೆಂಗಸಿನ ಚಿತ್ರ. ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅದನ್ನು ಸ್ಟ್ಯಾಂಡಿನ ಮೇಲಿಟ್ಟಾಗ, ಗೋಡೆ ನೋಡಿ ನೋಡಿ ಬೇಸತ್ತವರೆಲ್ಲ ಎದ್ದು ಕೂತರು. ಮೂಲೆಯ ಮಂಚದ ಮುದುಕ ದರ್ಜಿಯಾಗಿದ್ದವನು, ಕಣ್ಣು ಮಂಜು. ಕೋಲೂರಿಕೊಂಡು ಹತ್ತಿರ ಬಂದ.

"ನೋಡಮ್ಮಾ, ಈಯಮ್ಮ ಸೂಜಿ ಹಿಡಿದಿರೋದೇ ತಪ್ಪು. ಹೀಗೆ ಹಿಡಿದ್ರೆ ಸಂಜೆ ಹೊತ್ತಿಗೆ ಬೆರಳು ಬಾತುಕೊಳ್ಳುತ್ತೆ!"

ಎಲ್ಲರೂ ನಕ್ಕರು. ಮೇಲ್ವಿಚಾರಕಿಯೂ ನಗುತ್ತ ನರ್ಸಿನತ್ತ ತಿರುಗಿದಳು. ಅಷ್ಟರಲ್ಲಿ ಮುದುಕ ತಪ್ಪು ತೋರಿಸಲೆಂದು ಚಿತ್ರದ ಮೇಲೆ ಬೆರಳೊತ್ತಿದ್ದ. ಉಗುರಿನಷ್ಟು ಬಣ್ಣ ಕಿತ್ತು ನೆಲಕ್ಕೆ ಬಿತ್ತು. ಅವನಿಗದು ಕಾಣಲೇ ಇಲ್ಲ. ಮೇಲ್ವಿಚಾರಕಿ ಬಗ್ಗಿ, ಸದ್ದಿಲ್ಲದೆ ಚೂರನ್ನೆತ್ತಿ ಕಾಗದದಲ್ಲಿ ಮಡಿಸಿಕೊಂಡಳು.

ಸಂಗ್ರಹಾಲಯಕ್ಕೆ ಮರಳಿ ನಡೆದದ್ದನ್ನು ಹೇಳಿದಾಗ, ನಿರ್ದೇಶಕರು ಕೋಣೆಯ ಬಾಗಿಲು ಹಾಕಿ ದನಿ ತಗ್ಗಿಸಿದರು. "ಚಾವಣಿ ರಿಪೇರಿಯವರು ಚಿತ್ರದ ಮೇಲೆ ಗಾರೆ ಬೀಳಿಸಿದ್ರು ಅಂತ ವರದಿ ಬರೆದುಬಿಡಿ. ನಿಜ ಬರೆದ್ರೆ ಸಮಿತಿಯವರು ನಿಮ್ಮ ವ್ಯಾನಿಗೂ ಬೀಗ ಹಾಕ್ತಾರೆ."

"ಆ ಮೇಸ್ತ್ರಿ ಏನು ಮಾಡಿದ್ದಾನೆ ಸಾರ್?"

"ಅವನಿಗೇನೂ ಆಗಲ್ಲ. ಯೋಚನೆ ಮಾಡಿ."

ಎರಡು ದಿನ ವರದಿಯ ಹಾಳೆ ಖಾಲಿಯಾಗಿಯೇ ಇತ್ತು. ಮೂರನೆಯ ದಿನ ಮೇಸ್ತ್ರಿಯೇ ಎದುರಾದ. "ಮೇಡಂ, ನಿಮ್ಮ ಚಿತ್ರಗಳ ಕೋಣೆ ಮೇಲೆ ಎರಡೆರಡು ಟಾರ್ಪಾಲು ಹೊದಿಸಿದ್ದೀನಿ. ಒಂದು ಹನೀನೂ ಇಳಿಯಲ್ಲ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಅಂದೇ ವರದಿ ಬರೆದಳು: ರೋಗಿಯೊಬ್ಬರು ಮುಟ್ಟಿದರು, ತಡೆಯಬೇಕಿದ್ದ ನಾನು ಬೆನ್ನು ತಿರುಗಿಸಿದ್ದೆ.

ಸಮಿತಿ ವ್ಯಾನು ಕಿತ್ತುಕೊಂಡಿತು. ಬೇಕಿದ್ದರೆ ಫೋಟೊ ಒಯ್ಯಿರಿ ಎಂದಿತು.

ಮುಂದಿನ ಗುರುವಾರ ಫೋಟೊಗಳ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾರ್ಡಿಗೆ ಹೋದಳು. ಮುದುಕ ಒಂದರ ಮೇಲೆ ಕೈಯಾಡಿಸಿದ.

"ಇದು ಬರೀ ನುಣ್ಣಗಿದೆ. ಅವತ್ತಿನದು ಕೈಗೆ ಸಿಗ್ತಿತ್ತು. ಅದನ್ನ್ಯಾಕೆ ತರಲಿಲ್ಲಮ್ಮಾ?"

"ರಿಪೇರಿಗೆ ಹೋಗಿದೆ ಅಜ್ಜಾ."

"ಯಾರಾದ್ರೂ ಮುಟ್ಟಿದ್ರಾ?"

"ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ," ಎಂದಳು.

ಮುದುಕ ಕೈ ಹಿಂತೆಗೆದುಕೊಂಡ. ಮಂಚಕ್ಕೆ ಮರಳಿ ಗೋಡೆಯತ್ತ ತಿರುಗಿ ಮಲಗಿದ. ಅವಳು ಫೋಟೊವನ್ನು ಸುತ್ತಿಟ್ಟಳು. ಗೋಡೆಯತ್ತಲೇ ಮುಖಮಾಡಿ ಅವನು ಅಂದ:

"ನಾನು ಹತ್ತಿರ ಬರಲ್ಲ. ಏನೇನಿದೆ ಅಂತ ನೀನೇ ಹೇಳಮ್ಮಾ."

ಅವಳು ಎರಡನೆಯ ಫೋಟೊ ಬಿಡಿಸಿ, ಎಡಗಡೆಯ ಮೂಲೆಯಿಂದ ಹೇಳತೊಡಗಿದಳು.