ಹಾಲು ಕುಡಿದರೆ ಹೊಗೆ ಹೋಗುತ್ತದೆಯೇ?

ಸಂಜೆ ಅಂಗಡಿಯಿಂದ ಬಂದವನೇ ವೆಲ್ಡರ್ ಕಂಬಳಿ ಹೊದ್ದು ಮಲಗಿದ. ಹಲ್ಲು ಕಟಕಟ ಎನ್ನುತ್ತಿತ್ತು. ಹೆಂಡತಿ ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು.

“ಏನಿಲ್ಲ ಕಣೇ. ಇವತ್ತು ಜಿಐ ಪೈಪಿನ ಗೇಟು. ಒಂದು ಲೋಟ ಹಾಲು ಕೊಡು, ಬೆಳಗ್ಗೆ ಸರಿಹೋಗುತ್ತೆ.”

“ಹೋದ ವಾರವೂ ಹೀಗೇ ಅಂದ್ರಿ. ಈಗ ಮೆಟ್ಟಿಲು ಹತ್ತೋಕೂ ಏದುಸಿರು.”

“ವಯಸ್ಸಾಯ್ತಲ್ಲ.”

“ಮೂವತ್ತೈದಕ್ಕೇ?”

ಅವಳು ಪಕ್ಕದ ಮನೆಯ ನರ್ಸಕ್ಕನಿಗೆ ಜಿಐ ಪೈಪಿನ ವಿಷಯವನ್ನೂ ಹೇಳಿ ಕರೆತಂದಳು. ನರ್ಸಕ್ಕ ನಾಡಿ ನೋಡಿದರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು.

“ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಇದೆಯಾ? ಸ್ವಲ್ಪ ಸಿಹಿ ಸಿಹಿ?”

ವೆಲ್ಡರ್ ಕಣ್ಣು ಬಿಟ್ಟ. “ನಿಮಗೆ ಹೇಗೆ ಗೊತ್ತಾಯ್ತು?”

“ತುಕ್ಕು ಹಿಡಿಯಬಾರದು ಅಂತ ಆ ಪೈಪಿಗೆ ಸತುವಿನ ಲೇಪ ಹಾಕಿರ್ತಾರೆ. ವೆಲ್ಡಿಂಗ್ ಕಾವಿಗೆ ಅದು ಬಿಳಿ ಹೊಗೆಯಾಗಿ ಏಳುತ್ತೆ. ಅದನ್ನ ಉಸಿರಾಡಿದ್ದಕ್ಕೇ ಈ ಜ್ವರ.”

“ಅದಕ್ಕೇ ಅಲ್ವಾ ಹಾಲು! ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಕುಡೀತಿದ್ರು. ನಮ್ಮ ಕಸುಬಿನಲ್ಲಿ ಎಲ್ಲರೂ ಕುಡೀತಾರೆ.”

“ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತೆ. ಎರಡೂ ಎಲ್ಲಿ ಭೇಟಿ ಆಗಬೇಕು ತಮ್ಮಾ?”

ಹೆಂಡತಿಗೆ ನಗು ಬಂತು. ವೆಲ್ಡರ್ ನಗಲಿಲ್ಲ.

“ನಾಳೆ ಗೇಟು ಮುಗಿಸಬೇಕು ಅಕ್ಕ. ಹೊಗೆಗೆ ಹೆದರಿ ಕೂತರೆ ಮನೇಲಿ ಒಲೆ ಉರಿಯಲ್ಲ.”

“ಕೆಲಸ ಬಿಡು ಅಂದೆನಾ? ಶಟರ್ ಇಳಿಸ್ಕೊಂಡು ಮಾಡ್ತೀಯಾ?”

“ಹೂಂ. ಬೀದೀಲಿ ಮಕ್ಕಳು ಓಡಾಡ್ತವೆ. ಆ ಬೆಳಕು ನೋಡಿದ್ರೆ ಅವುಗಳ ಕಣ್ಣಿಗೆ ಪೆಟ್ಟು.”

ನರ್ಸಕ್ಕ ಸ್ಟೆತಸ್ಕೋಪ್ ಮಡಚಿಟ್ಟರು.

“ಬೀದಿ ಮಕ್ಕಳ ಕಣ್ಣು ನೀನು ಕಾದೆ. ನಿನ್ನ ಉಸಿರು ಯಾರು ಕಾಯಬೇಕು? ಶಟರ್ ಎತ್ತು. ಬೀದಿ ಕಡೆ ತಗಡಿನ ಮರೆ ನಿಲ್ಲಿಸು, ಪಕ್ಕದಲ್ಲಿ ಗಾಳಿಗೆ ದಾರಿ ಬಿಡು. ಬೆಸುಗೆ ಬೀಳೋ ಜಾಗದ ಲೇಪವನ್ನ ಮೊದಲು ಉಜ್ಜಿ ತೆಗಿ. ಹೊಗೆ ಮೇಲೆ ಬಗ್ಗಬೇಡ.”

“ಮೂಗಿಗೆ ಕರ್ಚೀಫು ಕಟ್ತೀನಲ್ಲ!”

“ಅದು ಸೊಳ್ಳೆ ತಡೀಬಹುದು. ಲೋಹದ ಹೊಗೆ ತಡೆಯೋ ಮಾಸ್ಕ್ ಬೇರೆ ಸಿಗುತ್ತೆ, ಅದನ್ನ ಹಾಕು. ಉಜ್ಜುವಾಗಲೂ ಹಾಕು. ನಾಳೆ ಡಾಕ್ಟರಿಗೆ ಎದೆ ತೋರಿಸು. ಅಷ್ಟರೊಳಗೆ ಉಸಿರು ಕಟ್ಟಿದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಟುಬಿಡಿ.”

“ಗೇಟು?”

“ಗೇಟು ಕಾಯುತ್ತೆ,” ಎಂದಳು ಹೆಂಡತಿ. “ನಾನು ಕಾಯಲ್ಲ.”

ಅವನು ಅವಳ ಮುಖ ನೋಡಿದ. ಬೆಳಗ್ಗೆ ಅಂಗಡಿಗಲ್ಲ, ಡಾಕ್ಟರ ಬಳಿಗೆ ಹೋದ.

ಡಾಕ್ಟರು ಹೇಳಿದಷ್ಟು ದಿನ ಸುಧಾರಿಸಿಕೊಂಡು ಅವನು ಅಂಗಡಿಗೆ ಹೋದ. ಅವಳೂ ಹೋದಳು. ತಗಡಿನ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು. ಮರೆ ನಿಂತ ಮೇಲೆ ಶಟರ್ ಪೂರ್ತಿ ಮೇಲಕ್ಕೆ ಹೋಯಿತು. ಅವನು ಮಾಸ್ಕ್ ಹಾಕಿಕೊಂಡು ಪೈಪು ಉಜ್ಜಲು ಕೂತ.

ನಿಮ್ಮ ಮನೆಯಲ್ಲೂ ವೆಲ್ಡಿಂಗ್ ಕೆಲಸದವರು ಇದ್ದಾರೆಯೇ? ಇವತ್ತೇ ಅವರನ್ನು ಕೇಳಿ. ಲೇಪ ಉಜ್ಜಿದಿರಾ? ಮಾಸ್ಕ್ ಹಾಕಿದಿರಾ? ಗಾಳಿ ಆಡುತ್ತಿತ್ತೇ? ನಾಳೆಯೂ ಕೇಳಿ. ಅವರು ರೇಗಬಹುದು. ರೇಗಲಿ. ರೇಗುವುದಕ್ಕೆ ಅವರು ಇರಲಿ.